ಅವಾರ್ಡ್ ಬಂದೈತಿ, ಹಾರ ತರಬ್ಯಾಡ್ರಿ

ಬಾಗಲಕೋಟೆಯಲ್ಲಿ ಯಾರಾದರೂ ತಮಗೆ ಅವಾರ್ಡ್ ಬಂದಿದೆ ಅಂದರೆ ಪರಊರಿನ ನೆಂಟರು ಎದ್ದು ನಿಂತು ಕೈ ಕುಲುಕುತ್ತಾರೆ. ಊರಿನವರು ಹಾಗೆ ಮಾಡುವುದಿಲ್ಲ. ದನಿ ತಗ್ಗಿಸಿ, ‘ಎಕರೇಕ್ಕ ಎಷ್ಟ ಹಿಡದಾರ?’ ಅಂತ ಕೇಳುತ್ತಾರೆ. ಇಲ್ಲಿ ಅವಾರ್ಡ್ ಬರುವುದು ಹೊಲ ಕಳಕೊಂಡವರಿಗೆ. ಶಾಲು, ಹಾರ, ಹಣ್ಣಿನ ಬುಟ್ಟಿ ಯಾವುದೂ ಜೊತೆಗಿರುವುದಿಲ್ಲ. ಸರ್ವೆ ನಂಬರು, ಎಕರೆ, ಗುಂಟೆ, ಬಾವಿ ಒಂದು, ಬೇವಿನ ಗಿಡ ಎರಡು, ಕೊನೆಗೊಂದು ಸಹಿ. ಪದ್ಮಶ್ರೀ ಪಡೆದವರಿಗೂ ಇಷ್ಟು ವಿವರವಾದ ಸನ್ಮಾನಪತ್ರ ಸಿಕ್ಕಿರಲಾರದು.

ಇಂಗ್ಲಿಷ್ ಕಲಿತ ಮೊಮ್ಮಕ್ಕಳಿಗೆ ಇದು ನಗೆಪಾಟಲು. ‘ಅಜ್ಜಾ, ಅವಾರ್ಡ್ ಅಂದ್ರ ಪ್ರಶಸ್ತಿ. ನಿನಗ ಬಂದದ್ದು ಕಾಂಪೆನ್ಸೇಶನ್’ ಎಂದು ತಿದ್ದುತ್ತಾರೆ. ಅಜ್ಜ ರುಮಾಲು ಸರಿಮಾಡಿಕೊಂಡು ಸುಮ್ಮನಾಗುತ್ತಾನೆ. ಸುಮ್ಮನಾಗಬೇಕಿಲ್ಲ, ನಿಘಂಟು ಅಜ್ಜನ ಪಕ್ಷದಲ್ಲಿದೆ. ಅವಾರ್ಡ್ ಹಳೆಯ ಫ್ರೆಂಚಿನಿಂದ ನಾರ್ಮನ್ನರ ಬಾಯಿ ಹಾದು ಇಂಗ್ಲಿಷಿಗೆ ಬಂದ ಪದ. ಮೂಲದಲ್ಲಿ ಕಣ್ಣಿಟ್ಟು ನೋಡುವುದು, ಪರಿಶೀಲಿಸುವುದು ಎಂದರ್ಥ. ಕಾವಲಿನ ಗಾರ್ಡ್, ಆಸ್ಪತ್ರೆಯ ವಾರ್ಡ್ ಎರಡೂ ಇದರ ದಾಯಾದಿಗಳು. ಇಬ್ಬರ ವ್ಯಾಜ್ಯವನ್ನು ನೋಡಿ, ತೂಗಿ, ಮಧ್ಯಸ್ಥನೊಬ್ಬ ಕೊಡುವ ತೀರ್ಮಾನಕ್ಕೆ ಮೊದಲು ಅವಾರ್ಡ್ ಅಂದರು. ವೇದಿಕೆಯ ಮೇಲೆ ಶಾಲು ಹೊದಿಸುವ ಅವಾರ್ಡ್ ಆಮೇಲೆ ಹುಟ್ಟಿದ್ದು. ಹೀಗಾಗಿ ಅಜ್ಜನದು ಖಾನದಾನಿ ಇಂಗ್ಲಿಷು, ಮೊಮ್ಮಗನದು ನಿನ್ನೆ ಮೊನ್ನೆಯದು. ‘ಕಣ್ಣಿಟ್ಟು ನೋಡಿ’ ಎಂಬ ಭಾಗ ಮಾತ್ರ ಫ್ರಾನ್ಸಿನಿಂದ ಬಾಗಲಕೋಟೆಗೆ ಬರುವಾಗ ದಾರಿಯಲ್ಲೆಲ್ಲೋ ಉದುರಿಬಿದ್ದಿದೆ. ತುಂಬಿದ ಬಾವಿಯಿರುವ ಹೊಲವನ್ನು ಒಣಬೇಸಾಯ ಎಂದು ಬರೆದ ಹಾಳೆಯನ್ನೂ ಅವಾರ್ಡ್ ಎಂದೇ ಕರೆಯುತ್ತಾರೆ.

ಈ ಸೀಮೆ ಇಂಗ್ಲಿಷ್ ಕಲಿತ ಸಾಲಿಯೇ ಬೇರೆ. 1894ರಲ್ಲಿ ಎರಡು ಪುಸ್ತಕ ಹೊರಬಂದವು. ಒಂದು, ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಹಾಕಿದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70 ಸಾವಿರ ಪದಗಳದ್ದು. ಇನ್ನೊಂದು, ಆ ವರ್ಷದ ಒಂದನೇ ನಂಬರಿನ ಕಾಯ್ದೆ: ಭೂಸ್ವಾಧೀನ ಕಾಯ್ದೆ. ಮೊದಲನೆಯದನ್ನು ನಾವು ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ಎರಡನೆಯದು ಯಾರೂ ಕರೆಯದೆ ಮನೆ ಬಾಗಿಲಿಗೆ ಬಂತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟದ್ದೇ ಕೃಷ್ಣೆ, ಘಟಪ್ರಭೆಗಳ ದಂಡೆಯಲ್ಲಿ ಇಂಗ್ಲಿಷ್ ತರಗತಿ ಶುರುವಾಯಿತು. ಸಾಲಿಯ ಕಟ್ಟೆ ಹತ್ತದವರೂ ‘ಫೋರ್ ವನ್ ಆಗೇತಿ, ಸಿಕ್ಸ್ ವನ್ ಆಗಬೇಕು, ಇಲೆವೆನ್ ಆದಮ್ಯಾಲೆ ಏಟೀನಕ್ಕ ಹಾಕೂದು’ ಎಂದು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಕಾಯ್ದೆಯ ಕಲಮುಗಳವು. ನಾಲ್ಕು-ಒಂದು ಪ್ರಾಥಮಿಕ ಅಧಿಸೂಚನೆ, ಆರು-ಒಂದು ಘೋಷಣೆ, ಹನ್ನೊಂದು ಅವಾರ್ಡ್, ಹದಿನೆಂಟು ಕೋರ್ಟಿನ ದಾರಿ. 2013ರಲ್ಲಿ ಹೊಸ ಕಾಯ್ದೆ ಬಂದು ನಂಬರುಗಳೆಲ್ಲ ಬದಲಾದಾಗ ಪಾಪ, ಒಂದು ಇಡೀ ತಲೆಮಾರಿನ ಇಂಗ್ಲಿಷ್ ಹಳತಾಯಿತು.

ಆ ಪಠ್ಯದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಶಬ್ದ ಸೊಲೇಷಿಯಂ. ಲ್ಯಾಟಿನ್ ಮೂಲದ್ದು, ಸಾಂತ್ವನ ಎಂದು ಅರ್ಥ. ಮಾರಲು ಮನಸ್ಸಿಲ್ಲದವನ ನೆಲವನ್ನು ಕಡ್ಡಾಯವಾಗಿ ತಗೊಂಡದ್ದಕ್ಕೆ ಬೆಲೆಯ ಮೇಲೆ ಕೊಡುವ ಹಣ. 1894ರ ಸರಕಾರ ರೈತನ ಸಂಕಟವನ್ನು ಶೇ 15 ಎಂದು ಅಳೆಯಿತು. 1984ರ ತಿದ್ದುಪಡಿಯಲ್ಲಿ ಅದು ಶೇ 30 ಆಯಿತು. 2013ರ ಕಾಯ್ದೆ ನೂರಕ್ಕೆ ನೂರು ಕೊಟ್ಟಿತು. ಸಂಕಟಕ್ಕೆ ನೂರಕ್ಕೆ ನೂರು ಅಂಕ ಬರಲು ನೂರಿಪ್ಪತ್ತು ವರ್ಷ ಹಿಡಿಯಿತು ಅನ್ನಿ. ಸತ್ತವರ ಮನೆಗೆ ಮಣ್ಣಿಗೆ ಬಂದವರು ಹೆಗಲ ಮೇಲೆ ಕೈಯಿಟ್ಟು ಹೇಳುವ ಸಮಾಧಾನಕ್ಕೆ ಶೇಕಡಾವಾರು ಇಲ್ಲ, ಹಾಗಾಗಿ ಅದಕ್ಕೆ ಲ್ಯಾಟಿನ್ ಹೆಸರೂ ಇಲ್ಲ.

ಅವಾರ್ಡಿಗೆ ಕನ್ನಡ ಇಲ್ಲವೇ? ಸರಕಾರಿ ಕಡತದಲ್ಲಿ ಇದೆ: ಐತೀರ್ಪು. ಗಂಭೀರವಾದ ಪದ. ಆದರೆ ಇದನ್ನು ಚಲಾವಣೆಗೆ ಬಿಟ್ಟವರಿಗೆ ನಮ್ಮ ಕಡೆಯ ಕ್ರಿಯಾಪದ ನೆನಪಾಗಲಿಲ್ಲ. ಇಲ್ಲಿ ‘ಐತಿ’ ಅಂದರೆ ‘ಇದೆ’. ಗುಮಾಸ್ತ ಐತೀರ್ಪು ಎಂದು ಓದಿ ಹೇಳಿದರೆ ಕೇಳುವ ಕಿವಿ ಅದನ್ನು ಒಡೆದು ‘ಐತಿ, ತೀರ್ಪು’ ಮಾಡುತ್ತದೆ. ‘ತೀರ್ಪ ಐತಿ ಅಂತ ನಮಗೂ ಗೊತ್ತೈತ್ರೀ ಸಾಹೇಬ್ರ, ರೊಕ್ಕ ಎಲ್ಲೈತಿ?’ ಎಂಬ ಪ್ರಶ್ನೆ ಆ ಸಂಧಿಯಲ್ಲೇ ಹುಟ್ಟುತ್ತದೆ. ಬಿಡಿಸುವ ವ್ಯಾಕರಣ ಹಣಕಾಸು ಇಲಾಖೆಯಲ್ಲಿದೆಯಂತೆ.

ಅವಾರ್ಡಿನೊಳಗೂ ಜಾತಿಗಳಿವೆ. ಈಗಿನ ಹೊಸ ತಳಿ ಕನ್ಸೆಂಟ್ ಅವಾರ್ಡ್. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗುವ ಜಮೀನಿಗೆ ದರ ಗೊತ್ತುಮಾಡಿತು: ನೀರಾವರಿ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ. ಒಪ್ಪಿ ಸಹಿ ಹಾಕಿದರೆ ಕನ್ಸೆಂಟ್. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಕೂಡಿ ಭಾವಿಸುವುದು, ಒಂದೇ ಮನಸ್ಸಾಗುವುದು ಎಂದರ್ಥ. ವಕೀಲರ ಮುಂದೆ ಕೂತ ಅಜ್ಜನ ಪ್ರಶ್ನೆ ಅದಕ್ಕಿಂತ ಸರಳ.

‘ಕನ್ಸೆಂಟ್ ಅಂದ್ರ ಏನ್ರೀ ವಕೀಲ್ರ?’

‘ಒಪ್ಪಿಗಿ ಯಜಮಾನ್ರ.’

‘ನಾ ಒಪ್ಪಲಿಲ್ಲಂದ್ರ?’

‘ಅವಾಗ ಜನರಲ್ ಅವಾರ್ಡ್.’

‘ಅಂದ್ರ ಹೊಲ ಹೋಗೂದು ಹೋಗೂದ ಅನ್ನ್ರಿ. ಮತ್ತ ನನ್ನ ಯಾಕ ಕೇಳ್ತೀರಿ?’

ವಕೀಲರು ಫೈಲು ತಿರುವಿದರು.

ಕೋರ್ಟಿನಲ್ಲಿ ಮೊತ್ತ ಜಾಸ್ತಿಯಾದರೆ ‘ಎನ್ಹಾನ್ಸ್ ಆತು’ ಅನ್ನುತ್ತಾರೆ. ಎನ್ಹಾನ್ಸಿನ ಬೇರು ಹುಡುಕಿದರೆ ಎತ್ತರ ಎಂಬರ್ಥದ ಲ್ಯಾಟಿನ್ ಪದಕ್ಕೆ ಹೋಗಿ ಮುಟ್ಟುತ್ತದೆ. ಹಳೆಯ ಇಂಗ್ಲಿಷಿನವರು ಕೈಯಿಂದ ಎತ್ತಿ ಮೇಲಿಡುವುದಕ್ಕೂ ಅದನ್ನೇ ಬಳಸುತ್ತಿದ್ದರು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತುವುದೂ ಎನ್ಹಾನ್ಸ್, ಮುಳುಗುವವನ ದುಡ್ಡು ಎತ್ತುವುದೂ ಎನ್ಹಾನ್ಸ್. ಪದವೊಂದೇ, ಇಲಾಖೆ ಎರಡು, ಆದ್ದರಿಂದ ಎರಡೂ ಏಳುತ್ತಿಲ್ಲ. ಕೃಷ್ಣೆಯ ನೀರಿನ ವ್ಯಾಜ್ಯ ಕೇಳಿದ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ ಆ 524ಕ್ಕೆ ಒಪ್ಪಿದ್ದು 2010ರ ಡಿಸೆಂಬರಿನಲ್ಲಿ. ಹದಿನೈದು ವರ್ಷ ಕಳೆದರೂ ಅದು ಕೇಂದ್ರದ ಗೆಜೆಟ್ ಏರಲಿಲ್ಲ. ಗೆಜೆಟ್ಟಿನ ಮೂಲವನ್ನು ಬಹಳ ಜನ ವೆನಿಸ್ಸಿನ ಗಜೆಟಾ ಎಂಬ ಚಿಲ್ಲರೆ ನಾಣ್ಯದಲ್ಲಿ ಕಾಣುತ್ತಾರೆ. ಅಷ್ಟು ಕೊಟ್ಟರೆ ಅಲ್ಲಿ ಒಂದು ಸುದ್ದಿಹಾಳೆ ಸಿಗುತ್ತಿತ್ತು. ನಮ್ಮ ಸುದ್ದಿ ಅದಕ್ಕಿಂತ ತುಟ್ಟಿ ಇರಬೇಕು. ತಡೆದದ್ದು ಏನು ಅಂದರೆ ನದಿಯ ಪಾಲುದಾರ ರಾಜ್ಯಗಳ ತಕರಾರು. ಇಲ್ಲಿ ರೈವಲ್ ಎಂಬ ಪದವನ್ನು ನೆನೆಯಲೇಬೇಕು. ಲ್ಯಾಟಿನ್ನಿನಲ್ಲಿ ರೀವುಸ್ ಅಂದರೆ ಹಳ್ಳ. ಒಂದೇ ಹಳ್ಳದ ನೀರು ಬಳಸುವವರೇ ರೈವಲ್‌ಗಳು. ಸಿನಿಮಾ ನಟರೂ ಕ್ರಿಕೆಟ್ ತಂಡಗಳೂ ಈ ಪದವನ್ನು ಎರವಲು ತಂದು ಆಡಿಕೊಳ್ಳುತ್ತಿದ್ದಾರೆ. ಅಸಲು ಮಾಲು ಬೇಕಿದ್ದರೆ ಕೃಷ್ಣಾ ಕಣಿವೆಗೇ ಬರಬೇಕು.

ಇಷ್ಟಾಗಿ ಮುಳುಗಿದವರಿಗೆ ಹೊಸ ವಿಳಾಸ ಸಿಕ್ಕಿತು, ಅದೂ ಇಂಗ್ಲಿಷಿನಲ್ಲೇ. ಹಳೆ ಊರಿನಲ್ಲಿ ‘ಯಾವ ಓಣಿ?’ ಅಂದರೆ ಮನೆತನ, ಮಠ, ಬಾವಿಯ ರುಚಿ ಎಲ್ಲ ಒಟ್ಟಿಗೆ ಗೊತ್ತಾಗುತ್ತಿತ್ತು. ನವನಗರದಲ್ಲಿ ‘ಯಾವ ಸೆಕ್ಟರ್?’ ಅಂತ ಕೇಳುತ್ತಾರೆ. ಲ್ಯಾಟಿನ್ನಿನಲ್ಲಿ ಸೆಕ್ಟರ್ ಅಂದರೆ ಕತ್ತರಿಸುವವನು. ಊರಿನ ನಕ್ಷೆ ಬರೆದ ಎಂಜಿನಿಯರು ನಿಘಂಟು ನೋಡಿರಲಿಕ್ಕಿಲ್ಲ. ನೋಡದೆಯೇ ಇಷ್ಟು ಸರಿಯಾದ ಪದ ಹಾಕುವುದು ಸಣ್ಣ ಪ್ರತಿಭೆಯೇನಲ್ಲ.

ಹೀಗೆ ಎಕರೆ ಲೆಕ್ಕದಲ್ಲಿ ಫೀಸು ಕಟ್ಟಿ ಇಂಗ್ಲಿಷ್ ಕಲಿತ ಊರಿನಲ್ಲಿ, ಅದನ್ನು ಕಲಿಸುವ ಅಂಗಡಿಗಳು ಬೇರೆಯೇ ಇವೆ. ಮಾಳಿಗೆಯ ಮೇಲಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಮಾತಾಡುವುದನ್ನು ಕಲಿಸುತ್ತಾರೆ, ಕೇಳುವುದನ್ನು ಕಲಿಸುವುದಿಲ್ಲ. ಸೂಳೇಬಾವಿ ಕಡೆಯಿಂದ ಬಂದ ಹುಡುಗನೊಬ್ಬ, ‘ಸರ್, ಡೆಟ್ ಅಂತ ಅನ್ನೂದಾದ್ರ ನಡುವ ಬಿ ಯಾಕ ಬರೀಬೇಕು?’ ಅಂದ. ಸರ್ ಅಂದರು: ‘ಅದು ಸೈಲೆಂಟ್. ನೀನೂ ಸೈಲೆಂಟ್ ಕೂಡು.’ ಹುಡುಗನ ಪ್ರಶ್ನೆ ಐನೂರು ವರ್ಷ ಹಳೆಯದು, ಉತ್ತರವೂ ಉಂಟು. ಇಂಗ್ಲಿಷಿನವರು ಫ್ರೆಂಚಿನಿಂದ ಸಾಲದ ಪದ ತಂದಾಗ ಅದರಲ್ಲಿ ಬಿ ಇರಲಿಲ್ಲ. ಆಮೇಲೆ ಪಂಡಿತರು ಬಂದು, ಲ್ಯಾಟಿನ್ನಿನ ಮೂಲಪದದಲ್ಲಿ ಬಿ ಇದೆ, ನಮ್ಮದರಲ್ಲಿ ಇಲ್ಲದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ತುರುಕಿದರು. ಜನ ಬರೆದರು, ಉಚ್ಚರಿಸಲಿಲ್ಲ. ಬಾಯಲ್ಲಿ ಹೇಳದೆ ಕಾಗದದಲ್ಲಿ ಮಾತ್ರ ಸೇರಿಸಿದ ಸಂಗತಿಗಳು ಸಾಲದ ವ್ಯವಹಾರದಲ್ಲಿ ಅದೊಂದೇ ಏನಲ್ಲ. ಫೈನಾನ್ಸಿನವರ ಹತ್ತಿರ ಸಹಿ ಹಾಕಿದ ಯಾರನ್ನಾದರೂ ಕೇಳಿ.

ನಗಬೇಡಿ, ಆ ಪಂಡಿತರ ತಮ್ಮಂದಿರು ನಮ್ಮಲ್ಲೂ ಇದ್ದಾರೆ. ಊರಿಗೆಲ್ಲ ಇಂಜಿನೇರ ಸಾಹೇಬರಾಗಿದ್ದವರನ್ನು ಬೋರ್ಡಿನ ಮೇಲೆ ಕಾರ್ಯಪಾಲಕ ಅಭಿಯಂತರರು ಮಾಡಿದರು. ಅವರನ್ನು ಹುಡುಕಿಕೊಂಡು ಬಂದ ರೈತ ಬೋರ್ಡು ಓದಿ, ಇದು ಬೇರೆ ಆಫೀಸಿರಬೇಕು ಎಂದು ಮುಂದೆ ಹೋದ. ಇಂಗ್ಲಿಷಿನ ಬಿ ಸುಮ್ಮನೆ ಕೂತಿರುತ್ತದೆ. ನಮ್ಮ ಅಭಿಯಂತರ ದಾರಿಯನ್ನೂ ತಪ್ಪಿಸುತ್ತಾನೆ.

ಪ್ರೀಪೋನ್ ಎಂಬ ಪದವನ್ನು ಅದೇ ಕ್ಲಾಸಿನಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುತ್ತಾರೆ. ಅದು ಭಾರತೀಯರ ತಪ್ಪಂತೆ. ಆಕ್ಸ್‌ಫರ್ಡಿನವರು ಅದನ್ನು ಒಳಗೆ ಕರೆದು ಕುರ್ಚಿ ಹಾಕಿ ಎಷ್ಟೋ ಕಾಲವಾಯಿತು. ಆದರೂ ನಾನು ಸರ್ ಜೊತೆ ಜಗಳಕ್ಕೆ ಹೋಗುವುದಿಲ್ಲ. ಬಾಗಲಕೋಟೆಗೆ ಆ ಪದದಿಂದ ಉಪಯೋಗ ಕಮ್ಮಿ. ಪರಿಹಾರ, ರೈಲು, ಪುನರ್ವಸತಿ ಎಲ್ಲಕ್ಕೂ ಪೋಸ್ಟ್‌ಪೋನ್ ಸಾಕಾಗುತ್ತದೆ. ಮುಂಚಿತವಾಗಿ ಬಂದದ್ದು ನೀರೊಂದೇ.

ನವೆಂಬರ್ ಬಂದರೆ ಇನ್ನೊಬ್ಬ ಪದಪಂಡಿತ ಹುಟ್ಟುತ್ತಾನೆ: ರಾಜ್ಯೋತ್ಸವದ ಭಾಷಣಕಾರ. ಹಳದಿ ಕೆಂಪು ಶಲ್ಯ ಸರಿಪಡಿಸಿಕೊಂಡು, ‘ಮಮ್ಮಿ ಅಂದರೆ ಏನು? ಈಜಿಪ್ಟಿನ ಹೆಣ! ಡ್ಯಾಡಿ ಅಂದರೆ ಏನು? ಡೆಡ್!’ ಎಂದು ಗುಡುಗುತ್ತಾನೆ. ಚಪ್ಪಾಳೆ. ನಾನು ಕೇಳಿದ ಯಾವ ರಾಜ್ಯೋತ್ಸವವೂ ಈ ಎರಡು ಹೆಣಗಳಿಲ್ಲದೆ ಮುಗಿದಿಲ್ಲ. ಹೆಣದ ಮಮ್ಮಿ ಬಂದದ್ದು ಪಾರಸಿಯ ಮೂಮ್ ಎಂಬ ಪದದಿಂದ. ಅದರ ಅರ್ಥ ಮೇಣ. ತಾಯಿಯನ್ನು ಕರೆಯುವ ಮಮ್ಮಿ ಹಸುಗೂಸಿನ ತುಟಿ ಕೂಡಿದಾಗ ತಾನಾಗಿ ಹೊರಡುವ ಸದ್ದು, ನಮ್ಮ ಅಮ್ಮ ಹುಟ್ಟಿದ ಬಾಯಿಂದಲೇ ಹುಟ್ಟಿದ್ದು. ಎರಡಕ್ಕೂ ನೆಂಟಸ್ತಿಕೆಯಿಲ್ಲ. ಮೇಣದ ಮೇಲೆ ಅಷ್ಟು ಸಿಟ್ಟಿದ್ದರೆ ಬಾದಾಮಿಯ ಮೇಣಬಸದಿಯ ಮುಂದೆ ಹೋಗಿ ಭಾಷಣ ಮಾಡಬಹುದು, ಕೇಳಲು ಮಂಗಗಳಿವೆ.

ಪರಭಾಷೆಯ ಪದಗಳನ್ನೆಲ್ಲ ಗಡಿಪಾರು ಮಾಡಬೇಕು ಎಂದು ಗುದ್ದಿದ ಮೇಜು ಪಾರಸಿಯದು, ಆಮೇಲೆ ಕೂತ ಕುರ್ಚಿ ಅರಬರದು, ತಿಂಗಳ ಕೊನೆಗೆ ಎಣಿಸುವ ಪಗಾರ ಪೋರ್ಚುಗೀಸರದು. ನಮ್ಮ ಹಿರಿಯರು ಅಟ್ಟದಲ್ಲಿಟ್ಟಿದ್ದ ಕಂದೀಲು ಕೂಡ ಅರಬಿ ದಾರಿಯಲ್ಲಿ ಬಂದ ಲ್ಯಾಟಿನ್ ಪದ, ಇಂಗ್ಲಿಷಿನ ಕ್ಯಾಂಡಲ್‌ಗೆ ಅಕ್ಕ. ಗಡಿಪಾರು ನಿಜವಾಗಿ ಆದರೆ ಭಾಷಣಕಾರ ಕತ್ತಲಲ್ಲಿ, ನಿಂತುಕೊಂಡೇ, ಪುಕ್ಕಟೆ ಮಾತಾಡಬೇಕಾಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಮೊಮ್ಮಕ್ಕಳ ಇಂಗ್ಲಿಷ್ ಮೀಡಿಯಂ ವ್ಯಾನು ಬರುವ ಹೊತ್ತಾಗಿರುತ್ತದೆ.

ಇದಕ್ಕೆ ತದ್ವಿರುದ್ಧ ಪಂಥದವರು ವಾಟ್ಸ್ಆ್ಯಪಿನಲ್ಲಿದ್ದಾರೆ. ಅವರ ಪ್ರಕಾರ ಇಂಗ್ಲಿಷೆಲ್ಲ ಕನ್ನಡದ ಕಳ್ಳಮಾಲು: ಕತ್ತರಿಯಿಂದ ಕಟ್, ಒಂದರಿಂದ ವನ್. ಸದ್ದು ಒಂದೇ ಥರ ಕೇಳಿಸಿದರೆ ಸಾಕು, ಸಂಬಂಧ ಗಟ್ಟಿ. ಕನ್ಯೆ ನೋಡುವಾಗ ಗೋತ್ರ, ಬೆಡಗು ಎಲ್ಲ ವಿಚಾರಿಸುವ ಮಂದಿ ಪದಗಳ ವಿಷಯದಲ್ಲಿ ಇಷ್ಟು ಉದಾರರಾದದ್ದು ಸೋಜಿಗ. ನಮ್ಮ ಅಡಿಕೆಯ ಬಳಗದ ಪದವೊಂದು ಪೋರ್ಚುಗೀಸರ ಹಡಗು ಹತ್ತಿ ಅರೆಕಾ ಆಗಿ ಇಂಗ್ಲಿಷು ಸೇರಿದ್ದು ನಿಜ. ನಿಜವಾದದ್ದರಿಂದಲೇ ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇನ್ನು ಬಾದಾಮಿ. ಇಲ್ಲಿ ಕಲ್ಲಿನ ಬಣ್ಣ ಬಾದಾಮಿ ಬೀಜದಂತೆ ಇರುವುದರಿಂದ ಊರಿಗೆ ಈ ಹೆಸರು ಎಂದು ಯಾರಾದರೂ ಹೇಳುತ್ತಾರೆ, ವಿದೇಶಿ ಪ್ರವಾಸಿ ‘ಓ, ಆಲ್ಮಂಡ್!’ ಅಂತ ಟೋಪಿ ತೆಗೆದು ಬರೆದುಕೊಳ್ಳುತ್ತಾನೆ. 543ರಲ್ಲಿ ಒಂದನೇ ಪುಲಕೇಶಿ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಊರು ವಾತಾಪಿ. ಅದು ಸವೆದು ಬಾದಾವಿ, ಬಾದಾಮಿ ಆಯಿತು. ಬೀಜಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗಂತ ಪ್ರವಾಸಿಯ ಮುಂದೆ ನಾಚಬೇಕಾಗಿಲ್ಲ. ಅವನ ಆಲ್ಮಂಡ್ ಕೂಡ ಇಂಥದೇ ಎಡವಟ್ಟು. ಗ್ರೀಕಿನ ಮೂಲದಲ್ಲಿ ಆ ಲಕಾರ ಅಲ್ಲಿರಲಿಲ್ಲ. ಅರಬಿ ಪದಗಳ ಮುಂದೆಲ್ಲ ಅಲ್ ಇರುತ್ತದಲ್ಲ, ಇದಕ್ಕೂ ಇರಲಿ ಎಂದು ಯುರೋಪಿನವರು ಎಂದೋ ಅಂಟಿಸಿಕೊಂಡರು. ಇಬ್ಬರ ತಪ್ಪಿನ ಮೇಲೆ ನಿಂತ ವ್ಯಾಪಾರ ಚೆನ್ನಾಗಿಯೇ ನಡೆದಿದೆ.

ವಾತಾಪಿ ಅಂದಮೇಲೆ ಅಗಸ್ತ್ಯರನ್ನು ಬಿಡುವಂತಿಲ್ಲ. ಅವರ ಹೆಸರಿನ ಹೊಂಡ ಎದುರಿಗೇ ಇದೆ. ಟಗರಾಗಿ ಹೊಟ್ಟೆ ಸೇರಿದ ರಾಕ್ಷಸ ತಿರುಗಿ ಹೊರಬರದ ಹಾಗೆ ಅರಗಿಸಿಕೊಂಡವರು ಅವರು. ಈ ಸೀಮೆಯ ಹೊಟ್ಟೆ ಇಂಗ್ಲಿಷನ್ನು ಹಾಗೇ ಅರಗಿಸಿತು: ಟೇಸನ್, ಲಾಟೀನು, ಟಿಕೀಟು, ಮಾಸ್ತರ, ಡಾಯವರ. ಇವು ಯಾವೂ ಒಳಗಿನಿಂದ ಕೂಗುವುದಿಲ್ಲ. ಓದಿದವರ ಹೊಟ್ಟೆಯಲ್ಲಿ ಮಾತ್ರ ಟಗರು ಇನ್ನೂ ಜೀವಂತ. ನಾಲ್ಕು ಮಾತಿಗೊಮ್ಮೆ ‘ಆಕ್ಚುವಲೀ’ ಅಂತ ಅರಚುತ್ತದೆ.

ಹುನಗುಂದ ತಾಲೂಕಿನ ಐಹೊಳೆಯದು ಇನ್ನೂ ಸೊಗಸು. ಶಾಸನಗಳಲ್ಲಿ ಅಯ್ಯಾವೊಳೆ, ಐನೂರ್ವರೆಂಬ ವರ್ತಕ ಸಂಘದ ಮೂಲಕ ದಕ್ಷಿಣ ಭಾರತದಲ್ಲೆಲ್ಲ ಹೆಸರಾದ ಊರು. ಜನರ ಕಥೆಯೇ ಬೇರೆ: ಪರಶುರಾಮ ಕೊಡಲಿ ತೊಳೆದಾಗ ಹೊಳೆ ಕೆಂಪಾಯಿತು, ನೋಡಿದ ಹೆಣ್ಣುಮಗಳು ‘ಅಯ್ಯೋ, ಹೊಳೆ!’ ಅಂದಳು, ಊರಿಗೆ ಹೆಸರಾಯಿತು. ಆಕ್ಸ್‌ಫರ್ಡ್ ನಿಘಂಟು ಅಯ್ಯೋ ಎಂಬುದನ್ನು ಇಂಗ್ಲಿಷ್ ಪದವೆಂದು ಒಪ್ಪಿಕೊಂಡದ್ದು 2016ರಲ್ಲಿ. ಅದರ ಮೇಲೂ ನಮ್ಮ ಇಂಗ್ಲಿಷ್ ಮೀಡಿಯಂ ಸಾಲಿಗಳಲ್ಲಿ ಮಗು ಎಡವಿಬಿದ್ದು ‘ಅಯ್ಯೋ’ ಅಂದರೆ, ‘ಸೇ ಔಚ್’ ಅನ್ನುವವರಿದ್ದಾರೆ. ನೋವಿಗೂ ಯೂನಿಫಾರ್ಮ್.

ಇಳಕಲ್ಲಿಗೆ ಬಂದರೆ ಸೀರೆ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಟೋಪ ತೆನಿ, ಗೋಮಿ ದಡಿ, ಚಿಕ್ಕಿ ಪರಾಸ, ಇವೆಲ್ಲ ನೇಕಾರರ ಮನೆಮಾತು. ಬೆಂಗಳೂರಿನ ತಂಪು ಅಂಗಡಿಯಲ್ಲಿ ಇದೇ ಸೀರೆಗೆ ಏರ್‌ಲೂಮ್ ಎಂಬ ಚೀಟಿ ಅಂಟಿಸಿ ನಾಲ್ಕು ಪಟ್ಟು ಬೆಲೆ ಇಡುತ್ತಾರೆ. ತಲೆಮಾರಿನಿಂದ ತಲೆಮಾರಿಗೆ ಬಂದ ಬೆಲೆಬಾಳುವ ವಸ್ತು ಎಂಬ ಅರ್ಥದಲ್ಲಿ. ಲೂಮ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಬರೀ ಸಲಕರಣೆ, ಕಸುಬಿನ ಹತ್ಯಾರ. ವಾರಸಿಗೆ ಬಂದ ಹತ್ಯಾರವೇ ಏರ್‌ಲೂಮ್. ಅಕ್ಷರಾರ್ಥದಲ್ಲಿ ಆ ಹೆಸರು ಸಲ್ಲಬೇಕಾದ್ದು ಕುಣಿಮಗ್ಗಕ್ಕೆ. ಆದರೆ ಮಗ್ಗದ ವಾರಸುದಾರ ಬೆಂಗಳೂರಿನಲ್ಲಿ ಆ್ಯಪಿನ ಚೀಲ ಬೆನ್ನಿಗೆ ಕಟ್ಟಿಕೊಂಡು ಊಟ ಹಂಚುತ್ತಿದ್ದಾನೆ. ಸೀರೆ ಏರ್‌ಲೂಮ್ ಆಯಿತು, ಲೂಮಿಗೆ ಏರ್ ಇಲ್ಲ.

ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಜೋಡಿ. ಆ ಖಣ ಹೊಲಿದಾಗ ಕುಪ್ಪಸ. ಕೆಲವರ ಬಾಯಲ್ಲಿ ಜಂಪರ್. ಓದಿದ ಸೊಸೆ ನಗುತ್ತಾಳೆ: ‘ಅತ್ತೀ, ಜಂಪರ್ ಅಂದ್ರ ಸ್ವೆಟರ್. ಇದಕ್ಕ ಬ್ಲೌಸ್ ಅನ್ರಿ.’ ಅತ್ತೆ ನಗಲಿ ಬಿಡಿ. ಜಂಪ್ ಎಂಬುದು ಒಂದು ಕಾಲದ ಗಿಡ್ಡ ಅಂಗಿಯ ಹೆಸರು. ಜಿಗಿಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಫ್ರೆಂಚಿನ ಮೂಲಕ ಅದು ಅರಬಿಯ ಜುಬ್ಬಾದಿಂದ ಬಂದಿರಬೇಕು ಎಂದು ನಿಘಂಟಿನವರು ‘ಬಹುಶಃ’ ಎಂಬ ಕೊಕ್ಕೆ ಹಾಕಿಯೇ ಹೇಳುತ್ತಾರೆ. ಅವರ ಮಾತು ನಿಜವಾದರೆ ಮಾವನ ಜುಬ್ಬಾ, ಅತ್ತೆಯ ಜಂಪರ್ ಒಂದೇ ಮನೆತನದವು. ಈ ಮನೆಗೆ ಹೊರಗಿನಿಂದ ಬಂದದ್ದು ಸೊಸೆಯ ಬ್ಲೌಸು.

ಇಳಕಲ್ಲಿನ ಹೊರಗೆ ಕೆಂಪು ಗ್ರಾನೈಟಿನ ಕ್ವಾರಿಗಳು. ಕಲ್ಲನ್ನು ಚೌಕಾಕಾರಕ್ಕೆ ಕಡಿಯುವ ಜಾಗ ಎಂಬುದು ಕ್ವಾರಿಯ ಮೂಲಾರ್ಥ. ಇಂಗ್ಲಿಷಿನಲ್ಲಿ ಅದೇ ಅಕ್ಷರ, ಅದೇ ಉಚ್ಚಾರದ ಇನ್ನೊಂದು ಕ್ವಾರಿ ಇದೆ, ಬೇರೆ ಬೇರಿನದು: ಬೆನ್ನಟ್ಟಿದ ಬೇಟೆ. ವಿದ್ವಾಂಸರು ಇವೆರಡನ್ನು ಬೇರೆಬೇರೆ ನಮೂದು ಮಾಡುತ್ತಾರೆ. ಅರ್ಧ ತಿಂದುಬಿಟ್ಟ ಗುಡ್ಡಗಳ ಮುಂದೆ ನಿಂತರೆ ಒಂದೇ ನಮೂದು ಸಾಕು ಅನಿಸುತ್ತದೆ.

ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುವ ಹುಡುಗರನ್ನು ಏನು ಕೆಲಸ ಅಂತ ಕೇಳಿ, ‘ಸೆಂಟ್ರಿಂಗ್’ ಅನ್ನುತ್ತಾರೆ. ಕಾಂಕ್ರೀಟು ಹಾಕುವ ಮುನ್ನ ಹಲಗೆ, ಕಂಬ ಕಟ್ಟುವ ಕೆಲಸ. ಕಾಲೇಜಿನಲ್ಲಿ ಕಲಿತ ಸೈಟ್ ಇಂಜಿನಿಯರು ಅದನ್ನು ಶಟರಿಂಗ್ ಎಂದು ತಿದ್ದುತ್ತಾನೆ. ಕಮಾನು ಕಟ್ಟುವಾಗ ಅದು ನಿಲ್ಲುವವರೆಗೆ ಕೆಳಗೆ ಆನಿಕೆಯಾಗಿ ಕೊಡುವ ಮರದ ಚೌಕಟ್ಟಿಗೆ ಇಂಗ್ಲಿಷ್ ಗಾರೆಯವರು ಸೆಂಟರಿಂಗ್ ಅನ್ನುತ್ತಿದ್ದರು. ಆ ಪದ ಮಾಸ್ತರರ ಬಾಯಿಂದ ಬಂದದ್ದಲ್ಲ. ಕೈಯಿಂದ ಕೈಗೆ, ಹಲಗೆಯ ಜೊತೆ ಬಂದದ್ದು. ಕಮಾನು ಹೋಯಿತು, ಪದ ನಿಂತಿದೆ. ತಿದ್ದುವ ಇಂಜಿನಿಯರು ನಿಂತಿರುವುದೂ ಆ ಸೆಂಟ್ರಿಂಗಿನ ಮೇಲೆಯೇ.

ಇನ್ನೊಂದು ಪದ ಹೇಳಿ ಮುಗಿಸುತ್ತೇನೆ. ವೇಲ್ಸ್ ನಾಡಿನ ಲನೆತ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಎಂಬ ಬೀದಿಯಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿನ ಅಂಗಡಿಯವರು ಮೋಟಾರಿಗೆ ಹೆಚ್ಚುವರಿ ಗಾಲಿ ಮಾಡಿ ಮಾರಿದರು, ಬೀದಿಯ ಹೆಸರನ್ನೇ ಗಾಲಿಗೆ ಇಟ್ಟರು. ಕಂಪನಿ ಹೋಯಿತು, ಬ್ರಿಟನ್ನಿನವರು ಪದವನ್ನು ಮರೆತರು. ಅದನ್ನು ಜೋಪಾನ ಮಾಡಿದವರು ನಮ್ಮ ಪಂಚರ್ ಅಂಗಡಿಯವರು. ಲಂಡನ್ನಿನಲ್ಲಿ ಸ್ಟೆಪ್ನಿ ಕೊಡಿ ಅಂದರೆ ಈಸ್ಟ್ ಎಂಡಿನ ಬಸ್ಸು ಹತ್ತಿಸುತ್ತಾರೆ, ಹುನಗುಂದದಲ್ಲಿ ಅಂದರೆ ಜಾಕು ತರುತ್ತಾರೆ.

ಮೊನ್ನೆ ಹುನಗುಂದದ ಹೊರಗೆ ಒಂದು ಟಂಟಂ ಕೆಟ್ಟು ನಿಂತಿತ್ತು. ಸ್ಪೋಕನ್ ಇಂಗ್ಲಿಷ್ ಮುಗಿಸಿ ಸರ್ಟಿಫಿಕೇಟು ಹಿಡಿದು ಹೊರಟಿದ್ದ ಹುಡುಗನೊಬ್ಬ ಇಳಿದು ಡ್ರೈವರನಿಗೆ ತಿಳಿವಳಿಕೆ ಕೊಟ್ಟ.

‘ಕಾಕಾ, ಸ್ಟೆಪ್ನಿ ಅನಬಾರದು. ಸ್ಪೇರ್ ವೀಲ್ ಅನ್ಬೇಕು.’

ಡ್ರೈವರು ಚಪ್ಪಟೆಯಾಗಿದ್ದ ಸ್ಟೆಪ್ನಿಯನ್ನು ಬೆರಳಿನಿಂದ ಒತ್ತಿ ನೋಡಿ ಕೇಳಿದ: ‘ಹಂಗಂದ್ರ ಇದಕ್ಕ ಗಾಳಿ ಬರ್ತೈತೇನಪಾ?’